ಕುಡಿತ ಬಿಡೋರ ಸಭೆ ಎಲ್ಲಿ, ಎಷ್ಟು ಗಂಟೆಗೆ ಅನ್ನೋದನ್ನ ದಯವಿಟ್ಟು ಪೇಪರ್‌ನಲ್ಲಿ ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಪೇಪರ್‌ನ ಮೈಸೂರು-ಮಂಡ್ಯ ಪುಟದಲ್ಲಿ ದಿನಾ ಬೆಳಿಗ್ಗೆ ‘ಇಂದಿನ ಕಾರ್ಯಕ್ರಮ’ ಅಂತ ಒಂದು ಪಟ್ಟಿ ಬರುತ್ತಲ್ಲ, ಯಾವ ಕಲ್ಯಾಣ ಮಂಟಪದಲ್ಲಿ ಪ್ರವಚನ, ಎಷ್ಟು ಗಂಟೆಗೆ ಪುಸ್ತಕ ಬಿಡುಗಡೆ, ಎಲ್ಲಿ ಉಚಿತ ಕಣ್ಣಿನ ತಪಾಸಣೆ ಅಂತ, ಆ ಪಟ್ಟಿಲಿ ಇನ್ನೊಂದು ನಾಲ್ಕು ಸಾಲು ಜಾಗ ಕೊಡಿ ಅಂತ ಕೇಳೋಕೆ ಈ ಪತ್ರ ಬರೀತಿದೀನಿ. ಕುಡಿತ ಬಿಡಬೇಕು ಅನ್ನೋರು ಸೇರೋ ಸಭೆಗಳಿವೆ, ಆಲ್ಕೋಹಾಲಿಕ್ಸ್ ಅನಾನಿಮಸ್ ಅಂತ, ಎಲ್ಲರೂ ಎಎ ಅಂತಾರೆ. ಅವರ ಮನೆಯವರಿಗೆ ಅಂತಾನೇ ಅಲ್-ಅನಾನ್ ಇದೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಮುಗಿಸಿ ಬಂದೋರಿಗೆ ನವಜೀವನ ಸಮಿತಿ ಇದೆ. ಇವು ನಮ್ಮ ಎರಡು ಜಿಲ್ಲೇಲಿ ಯಾವ ದಿನ, ಯಾವ ಜಾಗದಲ್ಲಿ, ಎಷ್ಟು ಗಂಟೆಗೆ ಸೇರ್ತವೆ ಅನ್ನೋದನ್ನ ವಾರಕ್ಕೊಂದು ಸಲ ಹಾಕಿ. ಬೇಡಿಕೆ ಇಷ್ಟೇ. ಯಾಕೆ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ದಯವಿಟ್ಟು ಪೂರ್ತಿ ಓದಿ.

ನಾನು ಮಂಡ್ಯದಲ್ಲಿ ಮೆಡಿಕಲ್ ಸ್ಟೋರ್ ನಡೆಸ್ತೀನಿ. ಸಂಜೆ ಅಂಗಡೀಲಿ ಯಾರೂ ಇಲ್ಲದ ಹೊತ್ತು ನೋಡ್ಕೊಂಡು ಹೆಣ್ಣುಮಕ್ಕಳು ಬರ್ತಾರೆ, ಒಂದು ತಲೆನೋವಿನ ಮಾತ್ರೆ ತಗೋತಾರೆ, ಚಿಲ್ಲರೆ ಎಣಿಸಿಕೊಂಡು ನಿಂತೇ ಇರ್ತಾರೆ, ಆಮೇಲೆ ಮೆಲ್ಲಗೆ ಕೇಳ್ತಾರೆ, "ಅಕ್ಕಾ, ಅವರಿಗೆ ಗೊತ್ತಾಗ್ದಂಗೆ ಸಾರಿಗೆ ಹಾಕ್ಬುಟ್ರೆ ಕುಡಿಯೋದು ಬುಟ್ಬುಡ್ತಾರಂತಲ್ಲ, ಆ ಮಾತ್ರೆ ಕೊಡಕ್ಕಾ" ಅಂತ. ಬಸ್‌ಸ್ಟ್ಯಾಂಡ್ ಗೋಡೆ ಮೇಲೆ, ಕರೆಂಟ್ ಕಂಬದ ಮೇಲೆ ‘ತಿಳಿಯದಂತೆ ಕುಡಿತ ಬಿಡಿಸಿ’ ಅಂತ ಅಂಟಿಸಿರ್ತಾರಲ್ಲ, ಅದನ್ನ ಓದಿ ಬಂದಿರ್ತಾರೆ. ಆ ಪುಡಿಗಳಲ್ಲಿ ಏನಿರುತ್ತೆ ಅಂತ ಹಚ್ಚಿದೋನಿಗೇ ಗೊತ್ತಿರಲ್ಲ. ಡಾಕ್ಟ್ರು ಬರೆದುಕೊಡೋ ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇರೋದು ನಿಜ, ಆದ್ರೆ ಅದನ್ನ ತಗೊಂಡವರು ಮೇಲೆ ಎಣ್ಣೆ ಕುಡಿದ್ರೆ ಮೈಯೆಲ್ಲ ಕೆಂಪಾಗಿ, ಎದೆ ಹೊಡ್ಕೊಂಡು, ವಾಂತಿ ಆಗಿ, ಬಿಪಿ ಕುಸಿದು ಬೀಳ್ತಾರೆ, ಹಾರ್ಟ್ ವೀಕ್ ಇದ್ರೆ ಪ್ರಾಣಾನೇ ಹೋಗಬಹುದು. ಅದನ್ನ ಕೊಡೋದು ಕುಡಿಯೋ ಮನುಷ್ಯನೇ ಒಪ್ಪಿ, ಗೊತ್ತಿದ್ದು, ಡಾಕ್ಟ್ರ ಕಣ್ಣಳತೇಲಿ ತಗೊಂಡಾಗ ಮಾತ್ರ. ಗಂಡಂಗೆ ಗೊತ್ತಿಲ್ಲದೆ ಸಾರಲ್ಲಿ ಹಾಕೋದು ಅಂದ್ರೆ ಅವನು ಆ ರಾತ್ರಿ ಹೊರಗಡೆ ಕುಡಿದುಬಿಟ್ರೆ ಗತಿ ಏನು ಅಂತ ನಾನು ಬಿಡಿಸಿ ಹೇಳ್ತೀನಿ, ಕೊಡಲ್ಲ. ಆಗ ಅವರು ಕೇಳೋ ಮುಂದಿನ ಪ್ರಶ್ನೆ ಒಂದೇ, "ಮತ್ತೆ ನಾ ಏನ್ ಮಾಡ್ಲಿ ಹೇಳಿ?"

ಈ ಪ್ರಶ್ನೆಗೆ ಉತ್ತರ ಇದೆ ಸಂಪಾದಕರೇ. ನಮ್ಮ ಮನೇಲೇ ನೋಡಿದೀನಿ, ನನ್ನ ಸ್ವಂತ ಅಣ್ಣ ಇವತ್ತು ಕುಡಿಯದೆ ಬದುಕ್ತಿದಾನೆ. ಆದ್ರೆ ಆ ಉತ್ತರದ ಅಡ್ರೆಸ್ ಸಿಗೋದು ಎಷ್ಟು ಕಷ್ಟ ಅಂದ್ರೆ, ಮನೇಲಿ ಹೊಡೆತ ತಿಂದು, ಸಂಘದ ಸಾಲ ಕಟ್ಟಿ, ಮಕ್ಕಳನ್ನ ಸ್ಕೂಲಿಗೆ ಕಳಿಸಿ ಬರೋ ಹೆಂಗಸಿಗೆ ಅದನ್ನ ಹುಡ್ಕು ಅಂತ ಹೇಳೋಕೆ ಬಾಯೇ ಬರಲ್ಲ.

ನಮ್ಮಣ್ಣನ ವಿಷಯದಲ್ಲಿ ಏನಾಯ್ತು ಅಂತ ಹೇಳ್ತೀನಿ. ಅವನಿಗೆ ಫಿಟ್ಸ್ ಬಂದು ಒಂದು ಆಸ್ಪತ್ರೆಗೆ ಸೇರಿಸಿದ್ವಿ, ಆಸ್ಪತ್ರೆ ಹೆಸರು ಇಲ್ಲಿ ಬೇಡ, ಟ್ರೀಟ್ಮೆಂಟ್ ಚೆನ್ನಾಗೇ ಕೊಟ್ರು. ಡಿಸ್ಚಾರ್ಜ್ ಶೀಟಿನ ಕೊನೇ ಸಾಲಲ್ಲಿ ‘ಎಎ ಮೀಟಿಂಗಿಗೆ ಹೋಗಲು ಸಲಹೆ’ ಅಂತ ಬರೆದಿದ್ರು. ಎಲ್ಲಿ ಅಂತ ಕೇಳಿದ್ರೆ ವಾರ್ಡಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಕೌನ್ಸಿಲರ್ ರಜ, ಇನ್ನೊಬ್ಬರು "ಗೂಗಲ್ ಮಾಡಿ ಮೇಡಂ ಬರುತ್ತೆ" ಅಂದ್ರು. ಗೂಗಲ್ ಮಾಡಿದ್ರೆ ಬಂದಿದ್ದು ಮೊದಲು ದುಡ್ಡು ಕೊಟ್ಟು ಹಾಕಿಸಿರೋ ಜಾಹೀರಾತುಗಳು, ಎಲ್ಲೋ ಬೇರೆ ರಾಜ್ಯದಲ್ಲಿ ಕೂತಿರೋ ಕಾಲ್ ಸೆಂಟರು, ಹಿಂದೀಲಿ ಮಾತಾಡ್ತಾರೆ, ಮೊದಲ ಮಾತಿಗೇ ತಿಂಗಳಿಗೆ ಎಷ್ಟು ಕೊಡ್ತೀರ, ಗಾಡಿ ಕಳಿಸಿ ಎತ್ತಾಕೊಂಡು ಬರ್ತೀವಿ ಅಂತಾರೆ. ಅದರ ಕೆಳಗೆ ಯಾವುದೋ ಹಳೇ ಪಟ್ಟಿ, ಅದರಲ್ಲಿದ್ದ ನಂಬರ್ ಚಾಲ್ತೀಲಿಲ್ಲ. ಕಡೆಗೆ ಒಂದು ಜಾಗ ಗೊತ್ತಾಗಿ ಅಣ್ಣನ್ನ ಒಪ್ಪಿಸಿ ಮೈಸೂರಿಗೆ ಕರ್ಕೊಂಡು ಹೋದ್ರೆ ಬಾಗಿಲಿಗೆ ಬೀಗ, ಸಭೆ ವಾರ ಬದಲಾಗಿ ತುಂಬ ದಿನ ಆಗಿದೆ ಅಂತ ಪಕ್ಕದ ಟೀ ಅಂಗಡಿಯವರು ಹೇಳಿದ್ರು. ಅವತ್ತು ವಾಪಸ್ ಬರ್ತಾ ಅಣ್ಣ ದಾರೀಲಿ ಇಳಿದು ಹೋಗಿ ಕುಡಿದ. ನನಗೆ ಸಿಟ್ಟು ಬಂದಿದ್ದು ಅವನ ಮೇಲಲ್ಲ. ಕುಡಿಯೋ ಮನುಷ್ಯ "ಆಯ್ತು ಬತ್ತೀನಿ ನಡಿ" ಅನ್ನೋದು ವರ್ಷಕ್ಕೆ ಒಂದೋ ಎರಡೋ ಸಲ, ಅದೂ ಅರ್ಧ ದಿನ ಇರೋ ಮನಸ್ಸು ಅದು, ಆ ಅರ್ಧ ದಿನದೊಳಗೆ ಬಾಗಿಲು ತೆಗೆದಿರೋ ಜಾಗ ಸಿಗಲೇಬೇಕು. ಬಾರು ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ ನಮ್ಮೂರಲ್ಲಿ, ಸಭೆ ಎಲ್ಲಿದೆ ಅಂತ ಹೇಳೋರು ಇಲ್ಲ.

ಆಮೇಲೆ ಸಿಕ್ಕಿದ್ದು ಹೇಗೆ ಅಂದ್ರೆ, ಮನೋವೈದ್ಯರ ಓಪಿಡಿಲಿ ಬೆಂಚ್ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬ ವಯಸ್ಸಾದೋರು ನಮ್ಮ ಮಾತು ಕೇಳಿಸಿಕೊಂಡು, ತಮ್ಮ ಜೇಬಿಂದ ಒಂದು ಚೀಟಿ ತೆಗೆದುಕೊಟ್ರು. ಅದೃಷ್ಟ ಅಷ್ಟೇ. ಎಷ್ಟು ಜನಕ್ಕೆ ಅಂಥ ಬೆಂಚು ಸಿಗುತ್ತೆ?

ಸಭೆ ಅಂದ್ರೆ ಏನು ಅಂತ ಹೇಳ್ಬೇಕು, ಯಾಕಂದ್ರೆ ಜನಕ್ಕೆ ಇದರ ಬಗ್ಗೆ ಏನೇನೋ ಭಯ ಇದೆ. ನಮ್ಮಣ್ಣನೂ ಮೊದಲು ಹಾಗೇ ಅಂದಿದ್ದ, ಅಲ್ಲಿ ಬಯ್ತಾರೆ, ಭಾಷಣ ಬಿಗೀತಾರೆ, ಫೋಟೋ ಹೊಡೀತಾರೆ, ಯಾರೋ ನೋಡಿ ಊರಿಗೆಲ್ಲ ಹೇಳ್ತಾರೆ ಅಂತ. ಹಾಗೇನೂ ಇಲ್ಲ. ಒಂದು ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಗಂಟೆ ಒಂದೂವರೆ ಗಂಟೆ ಕೂರೋದು. ಶುರುನಲ್ಲಿ ಸಂಘ ಅಂದ್ರೆ ಏನು ಅಂತ ಒಂದು ಸಣ್ಣ ಪ್ಯಾರಾ ಓದ್ತಾರೆ, ಆಮೇಲೆ ಒಬ್ಬೊಬ್ಬರೇ ಹೆಸರು ಹೇಳಿ, ಅದೂ ಬರೀ ಹೆಸರು, ಊರು ಕುಲ ಮನೆತನ ಯಾವುದೂ ಬೇಡ, ತಮ್ಮ ಕಥೆ ಹೇಳ್ಕೋತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಧ್ಯ ಬಾಯಿ ಹಾಕಲ್ಲ, ನೀನು ಹೀಗ್ಮಾಡ್ಬೇಕಿತ್ತು ಅನ್ನಲ್ಲ. ಮಾತಾಡೋಕೆ ಇಷ್ಟ ಇಲ್ದಿದ್ರೆ ಸುಮ್ನೆ ಕೂತು ಕೇಳಬಹುದು, ಎಷ್ಟೋ ಜನ ಮೊದಮೊದಲು ಹಾಗೇ ಕೂರ್ತಾರೆ. ಕೊನೇಲಿ ಒಂದು ಡಬ್ಬಿ ಬರುತ್ತೆ, ಇಷ್ಟ ಬಂದೋರು ಹತ್ತೋ ಇಪ್ಪತ್ತೋ ಹಾಕ್ತಾರೆ, ಹೊಸಬರು ಹಾಕೋದು ಬೇಡ ಅಂತಾರೆ. ಫೀಸಿಲ್ಲ. ರಿಜಿಸ್ಟರ್‌ನಲ್ಲಿ ಸೈನಿಲ್ಲ, ಆಧಾರ್ ಕೇಳಲ್ಲ. ಸೇರೋಕೆ ಇರೋದು ಒಂದೇ ಒಂದು ಶರತ್ತು, ಕುಡಿತ ಬಿಡಬೇಕು ಅನ್ನೋ ಆಸೆ ಇರಬೇಕು. ಬಿಟ್ಟಿರಬೇಕು ಅಂತ ಅಲ್ಲ, ಆಸೆ ಇದ್ರೆ ಸಾಕು, ಸಂಘ ನಡೆಸೋಕೆ ಅವರು ಇಟ್ಕೊಂಡಿರೋ ನಿಯಮಗಳಿಗೆ ಹನ್ನೆರಡು ಸಂಪ್ರದಾಯ ಅಂತಾರೆ, ಇದು ಅದರಲ್ಲಿ ಮೂರನೇದು.

ಒಳಗೆ ಯಾರು ಏನು ಹೇಳಿದ್ರು ಅಂತ ನಾನು ಬರೆಯೋ ಹಾಗಿಲ್ಲ, ಅಲ್ಲಿ ಕೇಳಿದ್ದು ಅಲ್ಲೇ ಬಿಟ್ಟು ಬರಬೇಕು. ಆದ್ರೆ ಇಷ್ಟು ಹೇಳಬಹುದು, ಡ್ರೈವರ್‌ಗಳು, ಮೇಷ್ಟ್ರುಗಳು, ಗದ್ದೆ ಕೆಲಸದೋರು, ದೊಡ್ಡ ಕೆಲಸದಲ್ಲಿರೋರು ಒಂದೇ ಸಾಲಲ್ಲಿ ಕೂತಿದ್ರು. ನಮ್ಮಣ್ಣ ಇಷ್ಟು ವರ್ಷ ನಾವು ಯಾರು ಕೇಳಿದ್ರೂ "ನಾನೇನ್ ಅಷ್ಟ್ ಕುಡಿಯಲ್ಲ" ಅಂತ ಇದ್ದೋನು, ಅಲ್ಲಿ ಇನ್ನೊಬ್ಬರು ಬೆಳಿಗ್ಗೆ ಎದ್ದ ತಕ್ಷಣ ಕೈನಡುಕ ನಿಲ್ಲಿಸೋಕೆ ಒಂದು ಟೆಟ್ರಾ ಪ್ಯಾಕ್ ಬಚ್ಚಿಟ್ಟಿರ್ತಿದ್ದೆ ಅಂತ ಹೇಳಿದ್ದು ಕೇಳಿ ತಲೆ ಎತ್ತಿ ನೋಡಿದ. ಡಾಕ್ಟ್ರು, ಅಮ್ಮ, ಅತ್ತಿಗೆ, ನಾನು ಯಾರೂ ಮಾಡೋಕಾಗದೇ ಇದ್ದಿದ್ದು ಅದು. ನಾವು ಹೇಳಿದ್ರೆ ಉಪದೇಶ ಆಗುತ್ತೆ, ಅವರು ಹೇಳಿದ್ರೆ ತನ್ನದೇ ಕಥೆ ಬೇರೆಯವರ ಬಾಯಲ್ಲಿ ಕೇಳಿದ ಹಾಗೆ ಆಗುತ್ತೆ.

ಸಭೇಲಿ ಎರಡು ಥರ ಇದೆ, ಇದನ್ನೂ ನಿಮ್ಮ ಪಟ್ಟೀಲಿ ಹಾಕಬೇಕು. ಓಪನ್ ಮೀಟಿಂಗ್ ಅಂದ್ರೆ ಯಾರು ಬೇಕಾದ್ರೂ ಹೋಗಬಹುದು, ಹೆಂಡತಿ, ಅಕ್ಕತಂಗಿ, ಕಾಲೇಜ್ ಹುಡುಗರು, ಡಾಕ್ಟ್ರು ಯಾರಾದ್ರೂ. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರೋರಿಗೆ ಮಾತ್ರ. ಇದು ಗೊತ್ತಿಲ್ಲದೆ ಗಂಡನ ಜೊತೆ ಹೋದ ಹೆಂಗಸರು ಬಾಗಿಲಲ್ಲಿ ನಿಂತು ವಾಪಸ್ ಬಂದಿರೋದುಂಟು, ಅವಮಾನ ಆಯ್ತು ಅಂದ್ಕೊಂಡು ಮತ್ತೆ ಅತ್ತ ತಲೇನೂ ಹಾಕಲ್ಲ. ಪಟ್ಟೀಲಿ ಪಕ್ಕದಲ್ಲಿ ‘ಮನೆಯವರೂ ಬರಬಹುದು’ ಅಂತ ಎರಡು ಪದ ಇದ್ರೆ ಅಷ್ಟು ಸಂಕಟ ತಪ್ಪುತ್ತೆ.

ಇನ್ನೊಂದು ದೊಡ್ಡ ಅನುಮಾನ, ಇದು ಮತಾಂತರದ ಕೆಲಸ ಅಂತ. ಬಹಳ ಕಡೆ ಸಭೆಗಳು ಚರ್ಚಿನ ಪಕ್ಕದ ಹಾಲಲ್ಲಿ, ಕಾನ್ವೆಂಟ್ ಸ್ಕೂಲಿನ ಕೋಣೇಲಿ ನಡೆಯೋದ್ರಿಂದ ನಮ್ಮ ಹಳ್ಳಿ ಕಡೆ ಜನ ಹಾಗೆ ಅಂದ್ಕೊಳ್ತಾರೆ, ನಮ್ಮಮ್ಮನೂ ಕೇಳಿದ್ರು. ಜಾಗ ಅಗ್ಗಕ್ಕೆ ಸಿಗುತ್ತೆ ಅಂತ ತಗೋತಾರೆ, ಬೇರೆ ಊರುಗಳಲ್ಲಿ ಆಸ್ಪತ್ರೆ ಕೋಣೇಲೂ, ಸಮುದಾಯ ಭವನದಲ್ಲೂ ನಡೀತವೆ. ಎಎ ಯಾವ ಧರ್ಮಕ್ಕೂ, ಪಕ್ಷಕ್ಕೂ, ಸಂಸ್ಥೆಗೂ ಸೇರಿದ್ದಲ್ಲ, ಹೊರಗಿನವರ ದೇಣಿಗೆ ಕೂಡ ತಗೊಳ್ಳಲ್ಲ, ಸದಸ್ಯರು ಡಬ್ಬಿಗೆ ಹಾಕೋ ದುಡ್ಡಲ್ಲೇ ಬಾಡಿಗೆ, ಟೀ ಎಲ್ಲ. ಕುಡಿತ ಬಿಟ್ಟು ಬದುಕೋಕೆ ಅವರು ಪಾಲಿಸೋ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತೆ ನಿಜ, ಆದ್ರೆ ‘ನಮಗೆ ಅರ್ಥವಾದ ಹಾಗೆ ದೇವರು’ ಅಂತ ಇರೋದು, ನಮ್ಮಣ್ಣ ಮನೇಲಿ ಮಾದಪ್ಪನ ಫೋಟೋಗೇ ಕೈ ಮುಗಿದು ಹೋಗ್ತಾನೆ, ಅವನ ಪಕ್ಕ ಕೂರೋರು ನಮಾಜ್ ಮುಗಿಸಿ ಬರ್ತಾರೆ, ದೇವರು ಗೀವರು ಏನೂ ಇಲ್ಲ ಅನ್ನೋರೂ ಇದಾರೆ. ಈ ಒಂದು ವಿಷಯ ಪೇಪರ್‌ನಲ್ಲಿ ಸರಿಯಾಗಿ ಬಂದ್ರೆ ಎಷ್ಟೋ ಮನೆಯವರ ಅನುಮಾನ ಹೋಗುತ್ತೆ.

ಇದು ಇವತ್ತು ನಿನ್ನೆ ಶುರುವಾಗಿದ್ದೂ ಅಲ್ಲ. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಅನ್ನೋ ಊರಲ್ಲಿ ನ್ಯೂಯಾರ್ಕಿನ ಬಿಲ್ ಅನ್ನೋ ಶೇರು ವ್ಯಾಪಾರಿ, ಆ ಊರಿನ ಡಾಕ್ಟರ್ ಬಾಬ್ ಅನ್ನೋ ಸರ್ಜನ್, ಇಬ್ಬರೂ ಕುಡಿದು ಕುಡಿದು ಹಾಳಾಗಿದ್ದೋರು, ಒಬ್ಬರಿಗೊಬ್ಬರು ತಮ್ಮ ಕಥೆ ಹೇಳ್ಕೊಳ್ತಾ ಇದ್ರೆ ಕುಡಿಯದೆ ಇರಬಹುದು ಅಂತ ಕಂಡ್ಕೊಂಡ್ರು. ಡಾಕ್ಟರ್ ಬಾಬ್ ಕೊನೇ ಸಲ ಕುಡಿದ ದಿನ ಜೂನ್ 10, ಅದನ್ನೇ ಸಂಘ ಹುಟ್ಟಿದ ದಿನ ಅಂತ ಇಟ್ಕೊಂಡಿದಾರೆ. ನಮ್ಮ ದೇಶಕ್ಕೆ ಇದು 1957ರಲ್ಲಿ ದೆಹಲೀಲಿ ಬಂತು. ಬಿಲ್‌ನ ಹೆಂಡತಿ ಲೋಯಿಸ್ ಇನ್ನೊಬ್ಬರ ಜೊತೆ ಸೇರಿ 1951ರಲ್ಲಿ ಮನೆಯವರಿಗೋಸ್ಕರ ಅಲ್-ಅನಾನ್ ಶುರು ಮಾಡಿದ್ರು, ಗಂಡಸರು ಒಳಗೆ ಸಭೆ ಮಾಡುವಾಗ ಹೊರಗೆ ಕಾಯ್ತಾ ಕೂರ್ತಿದ್ದ ಹೆಂಗಸರಿಗೂ ಅದೇ ಕಾಯಿಲೆಯ ಗಾಯ ಇದೆ ಅಂತ ಅವರಿಗೆ ಗೊತ್ತಾಗಿತ್ತು. ಸಂಶೋಧನೆ ಏನ್ ಹೇಳುತ್ತೆ ಅನ್ನೋರಿಗೆ, 2020ರಲ್ಲಿ ಕಾಕ್ರೇನ್ ಅನ್ನೋ ಸಂಸ್ಥೆ 27 ಅಧ್ಯಯನ, ಹತ್ತು ಸಾವಿರಕ್ಕೂ ಮೇಲೆ ಜನರ ಮಾಹಿತಿ ಒಟ್ಟು ಮಾಡಿ ನೋಡಿತ್ತು, ರೋಗಿಗಳನ್ನ ಕ್ರಮವಾಗಿ ಎಎ ಸಭೆಗೆ ಜೋಡಿಸೋ ಚಿಕಿತ್ಸೆ ಬೇರೆ ಕೌನ್ಸಿಲಿಂಗ್ ಪದ್ಧತಿಗಳಿಗಿಂತ ಪೂರ್ತಿ ಕುಡಿತ ಬಿಟ್ಟಿರೋ ವಿಷಯದಲ್ಲಿ ಮೇಲೇ ಬಂತು. ಅದಕ್ಕೆ ಖರ್ಚೂ ಕಮ್ಮಿ. ಎಲ್ಲರಿಗೂ ಆಗಿಬರುತ್ತೆ ಅಂತ ನಾನು ಹೇಳಲ್ಲ, ಒಂದು ಗುಂಪು ಒಗ್ಗದಿದ್ರೆ ಇನ್ನೊಂದು ಗುಂಪು ನೋಡಬೇಕು, ಒಂದೇ ಸಭೆಗೆ ಹೋಗಿ ನಂಗೆ ಸರಿಹೋಗ್ಲಿಲ್ಲ ಅಂತ ಬಿಡಬಾರದು. ಆದ್ರೆ ಇನ್ನೊಂದು ಗುಂಪು ಎಲ್ಲಿದೆ ಅಂತ ಗೊತ್ತಿರಬೇಕಲ್ಲ.

ಇಲ್ಲಿ ಒಂದು ಮಾತು ದಯವಿಟ್ಟು ದಪ್ಪ ಅಕ್ಷರದಲ್ಲಿ ಹಾಕಿ. ದಿನಾ ಕುಡಿಯೋರು, ಬೆಳಿಗ್ಗೆ ಎದ್ದು ಕುಡಿದ್ರೇನೇ ಕೈ ನಿಲ್ಲೋದು ಅನ್ನೋ ಸ್ಥಿತೀಲಿರೋರು ಒಂದೇ ದಿನಕ್ಕೆ ತಾವಾಗೇ ನಿಲ್ಲಿಸಿಬಿಡಬಾರದು. ಮೊದಲು ಆಸ್ಪತ್ರೆ, ಆಮೇಲೆ ಸಭೆ. ನಿಲ್ಲಿಸಿದ ಕೆಲವೇ ಗಂಟೇಲಿ ನಡುಕ, ಬೆವರು, ವಾಂತಿ ಶುರುವಾಗುತ್ತೆ, ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಗಾಬರಿ ಹತ್ತಿ, ಗೋಡೆ ಮೇಲೆ ಹುಳ ಹರಿದ ಹಾಗೆ ಕಂಡು, ಯಾರೋ ಕರೆದ ಹಾಗೆ ಕೇಳಿ, ಜ್ವರ ಬಂದು ಪ್ರಾಣಕ್ಕೇ ಬರುತ್ತೆ. ನಮ್ಮ ಹಳ್ಳೀಲಿ ಇದಕ್ಕೆ ಗಾಳಿ ಮೆಟ್ಕೊಂಡಿದೆ ಅಂತ ಯಂತ್ರ ಕಟ್ಟಿಸೋಕೆ ಹೋಗ್ತಾರೆ, ಅಷ್ಟರಲ್ಲಿ ಹೊತ್ತು ಮೀರಿರುತ್ತೆ. ಆಸ್ಪತ್ರೇಲಿ ನಡುಕ ತಗ್ಗಿಸೋ ಔಷಧಿ, ಬಿ1 ವಿಟಮಿನ್ ಕೊಟ್ಟು ಕೆಲವು ದಿನದಲ್ಲಿ ದಾಟಿಸಿಬಿಡ್ತಾರೆ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಎರಡೂ ಕಡೆ ಮನೋವೈದ್ಯ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಿಗೆ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡೋ ವ್ಯವಸ್ಥೆ ಮಾಡಿದಾರೆ, ಹೋಗೋ ಮುಂಚೆ ಆ ವಾರ ಬರ್ತಾರಾ ಅಂತ ಕೇಳ್ಕೊಂಡು ಹೋಗಿ. ಫೋನಲ್ಲಿ ಕೇಳೋಕೆ 14416, ಟೆಲಿಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ. ವ್ಯಸನಕ್ಕೆ ಅಂತಾನೇ ಕೇಂದ್ರ ಸರ್ಕಾರದ್ದು 14446. ಎರಡೂ ಉಚಿತ. ಖಾಸಗಿ ಸೆಂಟರಿಗೆ ಸೇರಿಸೋರು ಸಹ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅದು ನೋಂದಣಿ ಆಗಿದ್ಯಾ ಅಂತ ಮೊದಲು ಸರ್ಟಿಫಿಕೇಟ್ ಕೇಳಿ ನೋಡಿ, ಕಟ್ಟಿಹಾಕಿ ಹೊಡೆಯೋದಕ್ಕೆ ಯಾರಿಗೂ ಹಕ್ಕಿಲ್ಲ.

ಆಸ್ಪತ್ರೆ ಒಂದು ವಾರ, ಹತ್ತು ದಿನದ ಕೆಲಸ. ಧರ್ಮಸ್ಥಳದವರ ಶಿಬಿರ ಎಂಟು ದಿನ. ಕಷ್ಟ ಇರೋದು ಮನೆಗೆ ಬಂದ ಮೇಲೆ. ನಮ್ಮ ಕಡೆ ಬೀಗರೂಟ ಅಂದ್ರೆ ಗೊತ್ತಲ್ಲ, ಮದುವೆ ಊಟಕ್ಕಿಂತ ಜೋರು, ಶಾಮಿಯಾನದ ಹಿಂದೆ ಕೇಸುಗಟ್ಟಲೆ ಇಳಿಸಿರ್ತಾರೆ, "ಒಂದ್ ನೈಂಟಿ ತಗೊಳ್ಳೋ, ಬೀಗ್ರು ಬೇಜಾರ್ ಮಾಡ್ಕೊತಾರೆ" ಅಂತ ಕೈಗೇ ಕೊಡ್ತಾರೆ. ಯುಗಾದಿ ಮಾರನೇ ದಿನ ಹೊಸತೊಡಕು, ಊರ ಮಾರಿಹಬ್ಬ, ಕಬ್ಬಿನ ಬಿಲ್ ಕೈಗೆ ಬಂದ ದಿನ, ಎಲೆಕ್ಷನ್ ಬಂತು ಅಂದ್ರೆ ಮನೆ ಬಾಗಿಲಿಗೇ ಬರುತ್ತೆ. ಸಾವಿನ ಮನೇಲೂ ಕುಡಿಸ್ತಾರೆ. ಸಾರಾಯಿ ನಿಂತಿದ್ದು 2007ರ ಜುಲೈ 1ರಿಂದ, ಅವತ್ತು ಹೆಂಗಸರು ಎಷ್ಟು ಖುಷಿ ಪಟ್ರು ಅಂತ ನೆನಪಿದೆ, ಆದ್ರೆ ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಈಗ ಎಷ್ಟೋ ಹಳ್ಳೀಲಿ ಗೂಡಂಗಡೀಲೇ ಸಿಗುತ್ತೆ. ಇಂಥ ಊರಲ್ಲಿ ಕುಡಿಯದೆ ಇರೋ ಗಂಡಸು ಒಬ್ಬಂಟಿ. ಅವನಿಗೆ ವಾರಕ್ಕೊಂದು ಸಲ ತನ್ನಂಥೋರ ಜೊತೆ ಕೂರೋ ಜಾಗ ಬೇಕು, ಬೀಗರೂಟದ ಹಿಂದಿನ ರಾತ್ರಿ ಫೋನ್ ಮಾಡೋಕೆ ಒಬ್ಬ ಮನುಷ್ಯ ಬೇಕು. ಎಎನಲ್ಲಿ ಸ್ಪಾನ್ಸರ್ ಅಂತ ಕರೀತಾರೆ, ಹಳಬರೊಬ್ಬರು ಹೊಸಬರ ಕೈ ಹಿಡ್ಕೊಂಡಿರೋದು. ನಮ್ಮಣ್ಣನ ಸ್ಪಾನ್ಸರ್ ಹೊಸತೊಡಕಿನ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅವನನ್ನ ತಮ್ಮ ಮನೇಲೇ ಕೂರಿಸ್ಕೊಂಡಿದ್ರು, ಊಟ ಹಾಕಿ, ಗದ್ದೆಗೆ ಕರ್ಕೊಂಡು ಹೋಗಿ, ರಾತ್ರಿ ಬಸ್ ಹತ್ತಿಸಿದ್ರು. ಅವರಿಗೆ ಇದರಿಂದ ಒಂದು ರೂಪಾಯಿ ಸಿಗಲ್ಲ.

ದೊಡ್ಡ ಊರುಗಳಲ್ಲಿ ಹೊಸಬರಿಗೆ ತೊಂಬತ್ತು ದಿನದಲ್ಲಿ ತೊಂಬತ್ತು ಸಭೆಗೆ ಹೋಗು ಅಂತಾರಂತೆ. ನಾಗಮಂಗಲ, ಮಳವಳ್ಳಿ, ಎಚ್.ಡಿ. ಕೋಟೆ ಕಡೆಯೋರು ಹೇಗೆ ಹೋಗ್ತಾರೆ? ಸಭೆ ಇರೋದು ಸಂಜೆ, ಮುಗಿಯೋ ಹೊತ್ತಿಗೆ ಊರಿಗೆ ಕೊನೇ ಬಸ್ ಹೋಗಿರುತ್ತೆ. ಹಾಗಾಗಿ ಪಟ್ಟೀಲಿ ಹತ್ತಿರದ ಬಸ್‌ಸ್ಟಾಪ್ ಬರೀರಿ, ಸಭೆ ಎಷ್ಟು ಗಂಟೆಗೆ ಬಿಡುತ್ತೆ ಅನ್ನೋದೂ ಬರೀರಿ. ಮಂಡ್ಯದಿಂದ ಮೈಸೂರಿಗೆ ರೈಲಲ್ಲಿ ಹೋಗಿ ಬರೋರು ಇದಾರೆ, ಅವರಿಗೂ ಅದು ಬೇಕಾಗುತ್ತೆ. ಕೋವಿಡ್ ಆದ ಮೇಲೆ ಆನ್‌ಲೈನ್ ಸಭೆಗಳು ಜಾಸ್ತಿ ಆಗಿವೆ, ಕನ್ನಡದ್ದು ಇದ್ರೆ ಅದನ್ನೂ ಹಾಕಿ, ದೂರದೋರು ಮೊಬೈಲಲ್ಲೇ ಕೂರಬಹುದು. ಆದ್ರೆ ಒಂದೇ ಕೋಣೆ ಮನೇಲಿ ಎಲ್ಲರ ಮುಂದೆ ಕೂತು ಅದನ್ನ ಮಾತಾಡೋಕಾಗಲ್ಲ, ಎದುರಿಗೆ ಕೂರೋ ಸಭೆ ಪ್ರತಿ ತಾಲೂಕಲ್ಲೂ ಒಂದು ಬೇಕೇ ಬೇಕು. ಎಎ ಸಭೆ ಶುರು ಮಾಡೋಕೆ ಸರ್ಕಾರದ ಆರ್ಡರ್ ಬೇಕಿಲ್ಲ, ಕುಡಿತ ಬಿಡಬೇಕು ಅನ್ನೋ ಇಬ್ಬರು ಮೂವರು, ಒಂದು ಕೋಣೆ ಸಾಕು. ನವಜೀವನ ಸಮಿತಿಗಳು ಹಳ್ಳಿ ಮಟ್ಟದಲ್ಲಿರೋದ್ರಿಂದ ಬಸ್ ಕಷ್ಟ ಅಲ್ಲಿ ಕಮ್ಮಿ, ಶಿಬಿರಕ್ಕೆ ಹೋಗಿ ಬಂದೋರು ಆ ಸಮಿತಿ ಸಭೆ ತಪ್ಪಿಸಬೇಡಿ ಅಂತ ಇಲ್ಲೇ ಕೇಳ್ಕೋತೀನಿ.

ಹೆಂಗಸರ ವಿಷಯಾನೂ ಹೇಳಬೇಕು. ಕುಡಿಯೋ ಹೆಂಗಸರು ನಮ್ಮಲ್ಲಿ ಇದಾರೆ, ನಮ್ಮ ಕೌಂಟರಿಗೆ ಬರ್ತಾರೆ, ಅವರಿಗೆ ಗಂಡಸರೇ ತುಂಬಿರೋ ಕೋಣೆಗೆ ಕಾಲಿಡೋಕೆ ಆಗಲ್ಲ. ಹೆಂಗಸರ ಸಭೆ ಎಲ್ಲಾದ್ರೂ ಇದ್ರೆ, ಆನ್‌ಲೈನ್ ಆದ್ರೂ ಸರಿ, ಬೇರೆಯಾಗಿ ಗುರುತು ಮಾಡಿ ಹಾಕಿ. ಇನ್ನು ಅಲ್-ಅನಾನ್, ನನಗೆ ಸ್ವಂತ ಉಪಕಾರ ಆಗಿದ್ದು ಅದರಿಂದ. ಅಲ್ಲಿ ಮೊದಲು ಕಲಿಸೋದು, ಈ ಕುಡಿತ ನಿನ್ನಿಂದ ಬಂದಿದ್ದಲ್ಲ, ನಿನ್ನ ಹಿಡಿತಕ್ಕೆ ಸಿಗೋದೂ ಅಲ್ಲ, ನೀನು ವಾಸಿ ಮಾಡೋದೂ ಅಲ್ಲ ಅಂತ. ನಮ್ಮತ್ತಿಗೆ ಇದನ್ನ ಕೇಳಿ ಅವತ್ತು ರಾತ್ರಿ ಬಹಳ ವರ್ಷದ ಮೇಲೆ ನಿದ್ದೆ ಬಂತು ಅಂದ್ರು. ಅಲ್ಲಿವರೆಗೂ ಅತ್ತೆ ಮನೆಯೋರು, ನೆಂಟರು ಎಲ್ಲ "ನೀನ್ ಸರಿಯಾಗಿದ್ದಿದ್ರೆ ಅವ್ನ್ ಯಾಕ್ ಕುಡೀತಿದ್ದ" ಅಂತ ಅವರ ತಲೆ ಮೇಲೇ ಹೊರಿಸಿದ್ರು. ಅಣ್ಣ ಇನ್ನೂ ಕುಡೀತಿದ್ದಾಗಲೇ ಅತ್ತಿಗೆ ಅಲ್ಲಿಗೆ ಹೋಗೋಕೆ ಶುರು ಮಾಡಿದ್ದು. ಇದು ಜನಕ್ಕೆ ಗೊತ್ತಾಗಬೇಕು, ಗಂಡ ಒಪ್ಪೋವರೆಗೆ ಹೆಂಡತಿ ಕಾಯಬೇಕಾಗಿಲ್ಲ, ಅವಳು ಇವತ್ತೇ ಹೋಗಬಹುದು.

ಈಗ ನಿಮಗೆ ಬರಬಹುದಾದ ಒಂದು ಪ್ರಶ್ನೆ, ಅನಾನಿಮಸ್, ಅಂದ್ರೆ ಗುರುತು ಹೇಳ್ಕೊಳ್ಳದೋರು ಅಂದ ಮೇಲೆ ಪೇಪರ್‌ನಲ್ಲಿ ಹಾಕಬಹುದಾ ಅಂತ. ಹಾಕಬಹುದು. ಗುಟ್ಟಾಗಿರಬೇಕಾದ್ದು ಜನರ ಹೆಸರು, ಸಭೆಯ ಜಾಗ ಅಲ್ಲ. ಅವರ ಹನ್ನೊಂದನೇ ಸಂಪ್ರದಾಯ ಹೇಳೋದು ಪತ್ರಿಕೆ, ರೇಡಿಯೋ, ಸಿನಿಮಾ ಮುಂದೆ ಸದಸ್ಯರು ತಮ್ಮ ಗುರುತು ಬಿಟ್ಟುಕೊಡಬಾರದು ಅಂತ, ತಾವಾಗಿ ಪ್ರಚಾರಕ್ಕೆ ಇಳಿಯಬಾರದು ಅಂತ. ಎಲ್ಲಿ ಯಾವಾಗ ಸಭೆ ಅಂತ ತಿಳಿಸೋದು ಮಾಹಿತಿ, ಅದನ್ನ ಅವರೇ ವೆಬ್‌ಸೈಟಲ್ಲಿ ಹಾಕ್ತಾರೆ, ಕೇಳಿದ ಆಸ್ಪತ್ರೆಗೆ ಕೊಡ್ತಾರೆ. ಆದ್ರೆ ನೀವು ಫೋಟೋಗ್ರಾಫರ್ ಕಳಿಸಬೇಡಿ, ‘ಕುಡುಕರ ಸಭೆ’ ಅಂತ ಹೆಡ್ಡಿಂಗ್ ಕೊಡಬೇಡಿ, ವರದಿಗಾರರು ಹೋಗಿ ಒಳಗಿನ ಕಥೆ ಬರೆಯೋದು ಬೇಡ. ಯಾರದೋ ಸ್ವಂತ ಮೊಬೈಲ್ ನಂಬರ್ ಹಾಕಬೇಡಿ, ಗುಂಪಿನವರು ಇದಕ್ಕೇ ಅಂತ ಇಟ್ಟಿರೋ ನಂಬರ್ ಕೇಳಿ ಹಾಕಿ. ಮುಖ್ಯವಾಗಿ, ತಿಂಗಳಿಗೊಂದು ಸಲ ನಿಮ್ಮ ಕಚೇರಿಯಿಂದ ಯಾರಾದ್ರೂ ಫೋನ್ ಮಾಡಿ ಇದೇ ಜಾಗ ಇದೇ ಟೈಮ್ ಇದ್ಯಾ ಅಂತ ಕೇಳಿ ಸರಿಮಾಡಿ. ಹಳೇ ಪಟ್ಟಿ ಹಾಕೋದು ಪಟ್ಟಿ ಇಲ್ಲದೆ ಇರೋದಕ್ಕಿಂತ ಕೆಟ್ಟದ್ದು, ಬೀಗ ಹಾಕಿರೋ ಬಾಗಿಲಿಗೆ ಕಳಿಸಿದ ಹಾಗೆ ಆಗುತ್ತೆ.

ಏಮ್ಸ್‌ನವರು ಕೇಂದ್ರ ಸರ್ಕಾರಕ್ಕೆ ಮಾಡಿಕೊಟ್ಟ ಸರ್ವೆ 2019ರಲ್ಲಿ ಬಂತು, ದೇಶದಲ್ಲಿ ಕುಡಿತದ ತೊಂದರೆಗೆ ಸಹಾಯ ಬೇಕಾಗಿರೋರು 5.7 ಕೋಟಿ ಅಂತ ಅದರಲ್ಲಿದೆ, ಕುಡಿತಕ್ಕೆ ಪೂರ್ತಿ ಅಂಟಿಕೊಂಡಿರೋ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದ್ರೂ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ನಮ್ಮ ಬೀದೀಲೇ ಇದಾರೆ. ಅವರ ಮನೆಗೂ ನಿಮ್ಮ ಪೇಪರ್ ಹೋಗುತ್ತೆ, ಟೀ ಅಂಗಡೀಲಿ, ಕಟಿಂಗ್ ಶಾಪಲ್ಲಿ, ಪಂಚಾಯ್ತಿ ಲೈಬ್ರರೀಲಿ ಬಿಡಿಸಿಟ್ಟಿರ್ತಾರೆ. ವೆಬ್‌ಸೈಟ್ ಹುಡುಕೋಕೆ ಬರದೋರೂ ಪೇಪರ್ ತಿರುವಿ ಹಾಕ್ತಾರೆ. ಮೊಬೈಲಲ್ಲಿ ಹುಡುಕಿದ್ರೆ ಮನೇಲಿ ಯಾರಾದ್ರೂ ನೋಡಿಬಿಡ್ತಾರೆ ಅನ್ನೋ ಭಯ ಇರುತ್ತೆ, ಪೇಪರ್ ಓದೋನನ್ನ ಯಾರೂ ಏನು ಓದ್ತಿದೀಯ ಅಂತ ಕೇಳಲ್ಲ.

ಭಾನುವಾರದ ಪುಟದಲ್ಲಿ ಹಾಕಿದ್ರೆ ಒಳ್ಳೇದು, ಶನಿವಾರ ರಾತ್ರಿ ಕುಡಿದು ಎದ್ದು ಕೂತಿರೋ ಹೊತ್ತು ಅದು. ನೀವು ಹಾಕಿದ್ರೆ ನಾನು ಅದನ್ನ ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿ ನಮ್ಮ ಕೌಂಟರ್ ಮೇಲೆ ಅಂಟಿಸ್ತೀನಿ, ನಮ್ಮ ರಸ್ತೆಯ ಬೇರೆ ಮೆಡಿಕಲ್‌ನೋರಿಗೂ ಹೇಳಿದೀನಿ, ಅವರೂ ಒಪ್ಪಿದಾರೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯೋರು ಓದ್ತಿದ್ರೆ, ಡಿಸ್ಚಾರ್ಜ್ ಶೀಟಿನ ಜೊತೆ ಇದೇ ಪಟ್ಟೀನ ಒಂದು ಜೆರಾಕ್ಸ್ ಪಿನ್ ಮಾಡಿ ಕೊಡೋ ಏರ್ಪಾಡು ಮಾಡಿ ಅಂತ ಅವರಿಗೂ ಇದೇ ಪತ್ರದಲ್ಲಿ ಕೇಳ್ತಿದೀನಿ.

ನನ್ನ ಹೆಸರು, ಅಂಗಡಿ ಹೆಸರು ಹಾಕಬೇಡಿ. ಹಾಕಿದ್ರೆ ಅಣ್ಣ ಯಾರು ಅಂತ ಊರಿಗೇ ಗೊತ್ತಾಗುತ್ತೆ. ಪಟ್ಟಿ ಮಾಡೋಕೆ ನಿಮ್ಮವರಿಗೆ ಸಹಾಯ ಬೇಕು ಅಂದ್ರೆ ಕವರ್ ಒಳಗೆ ಬೇರೆ ಚೀಟೀಲಿ ನನ್ನ ನಂಬರ್ ಇಟ್ಟಿದೀನಿ, ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಮಾಡಿ, ಒಂಬತ್ತರ ಮೇಲೆ ಫ್ರೀ ಇರ್ತೀನಿ.

ಇತಿ,
ನಿಮ್ಮ ಓದುಗರು,
ಮಂಡ್ಯ